ಎರಡು ಕಿಲೋ ಎಂಟುನೂರು

ದಿಬ್ಬೂರಹಳ್ಳಿ ರಸ್ತೆಯ ಗುಜರಿಯಲ್ಲಿ ನಯಾಜ್
ತಕ್ಕಡಿಗೆ ಹಾಕಿ ಮುಖ ಸಿಂಡರಿಸಿದ:
‘ಎರಡು ಕಿಲೋ ಎಂಟುನೂರು. ಇದ್ರಲ್ಲಿ
ಕಬ್ಬಿಣಾನೇ ಇಲ್ಲ ಸಾರ್, ಬರೀ ಗಾಳಿ.’
ನನ್ನ ಎದೆ ಹೊಡೆದುಕೊಂಡದ್ದು ಅದಕ್ಕೇ.
ತೊಂಬತ್ತು ರೂಪಾಯಿ ಎಣಿಸಿ, ಚೌಕಾಸಿ ಮಾಡದೆ,
ಕಳ್ಳನ ಹಾಗೆ ಲೇತ್ ಅಂಗಡಿಗೆ ತಂದೆ.

ಉಗುರಿನಿಂದ ತಟ್ಟಿದೆ. ನಡುವೆ ಟಿಣ್, ತುದಿಗೆ ಟಕ್.
ನಡುವೆ ತೆಳ್ಳಗೆ, ಬೆಸುಗೆಯ ಹತ್ತಿರ ದಪ್ಪಗೆ:
ಈ ಕೊಳವೆ ಎಳೆದವನಿಗೆ ಲೆಕ್ಕ ಗೊತ್ತಿತ್ತು.
ಲಗ್ಗಿನ ಅಂಚನ್ನು ಅರ ಹಿಡಿದು
ವೀಳ್ಯದೆಲೆಯ ತುದಿಯಷ್ಟು ಇಳಿಸಿದ್ದಾನೆ,
ನೋಡುವವರು ಯಾರು ಅಂತ.
ಹೆಸರಿನ ತಗಡು ಕಿತ್ತುಹೋಗಿ ಎರಡು ತೂತು,
ಎರಡೂ ಮೂಗುಬೊಟ್ಟು ತೆಗೆದಿಟ್ಟ ಮೂಗು.

ಮೇಲೆ, ಬಾಗಿಲಿಗೆ ಬಳಿಯುವ ಹಸಿರು ಎನಾಮಲ್.
ಕೆರೆದೆ. ರೆಡ್ ಆಕ್ಸೈಡ್.
ಕೆರೆದೆ. ಬ್ಲೇಡಿನ ಬಾಯಿಗೆ ನೇರಳೆ,
ಹಣ್ಣಿನದಲ್ಲ, ಹಣ್ಣು ತಿಂದ ನಾಲಿಗೆಯ ಬಣ್ಣ.
ಪೆಡಲಿನ ಗೂಡಿನಡಿ ಒಂದು ನಂಬರು: 417.
ವರ್ನಿಯರ್ ಹಿಡಿದರೆ ಗೂಡಿನ ಅಗಲ ಎಪ್ಪತ್ತು ಮಿಲಿಮೀಟರ್,
ಬಲಗಡೆಯ ಬಟ್ಟಲು ಉಲ್ಟಾ ಅಲ್ಲ, ಎಲ್ಲ ಬೋಲ್ಟಿನಂತೆಯೇ ಬಿಚ್ಚಿತು.
‘ಇಟಲಿ’ ಅಂದೆ, ಜೋರಾಗಿ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಆದರೆ ಕೆಳಕೊಳವೆಗೆ ಯಾರೋ ಡ್ರಿಲ್ ಹೊಡೆದಿದ್ದರು,
ಅರ್ಧ ಇಂಚಿನ ಬೋಲ್ಟು ಆಚೆಯಿಂದ ಈಚೆ.
ಇದಕ್ಕೆ ಯಾವ ಇಟಲಿಯಲ್ಲೂ ಉತ್ತರವಿಲ್ಲ.
ಆ ಕೈಯನ್ನು ಮೂರು ದಿನ ಬೈದೆ.

ನಾಲ್ಕನೇ ದಿನ, ಬಟ್ಟಲೊಳಗೆ
ಪಾಕ ಬಂದ ಬೆಲ್ಲದಂಥ ಗ್ರೀಸು,
ಗುಂಡುಗಳ ಸುತ್ತ ಎಂಥದೋ ಎಳೆ.
ಎಳೆದೆ. ಬಂತು. ಇನ್ನೂ ಬಂತು. ಹರಿಯಲಿಲ್ಲ.
ದೀಪಕ್ಕೆ ಹಿಡಿದರೆ ಬಂಗಾರ, ಮೂಗಿಗೆ ಹಿಡಿದರೆ
ಬೆಂದ ಹುಳು.
ಶಿಡ್ಲಘಟ್ಟದಲ್ಲಿ ಹುಟ್ಟಿದವನಿಗೆ
ಆ ವಾಸನೆಯ ಹೆಸರು ಹೇಳಿಕೊಡಬೇಕಾಗಿಲ್ಲ.

ನಯಾಜ್ ಬೆರಳು ತೋರಿಸಿದ ಮನೆಯಲ್ಲಿ ಖುರ್ಷಿದಾ ಆಪಾ,
ಒಲೆ ಆರಿ ಎರಡು ವರ್ಷ, ಗೋಡೆಗೆ ಇನ್ನೂ ಹಬೆಯ ಕರೆ.
‘ನಮ್ಮೆಜಮಾನ್ರು ಎಲ್ಲಿಂದಲೋ ತಂದ್ರು,
ಪೊಲೀಸ್ ಹರಾಜೋ ಏನೋ. ತಲೆಕೆಳಗು ಮಾಡಿ
ಹಲಗೆಗೆ ಬೋಲ್ಟು ಹಾಕಿ ಚರಕ ಮಾಡಿದ್ರು.
ಚಕ್ರ ಹಗುರ, ಕೈ ನೋಯೋದಿಲ್ಲ ಅಂದ್ರು. ನೋಯ್ತಿತ್ತು.’
ಬಲಗೈ ಪೆಡಲಿಗೆ, ಎಡಗೈ ಕುದಿನೀರಿಗೆ.

‘ಯಾರದು ಅಂತ ಗೊತ್ತಾಗಬೇಕಿತ್ತು ಆಪಾ,
ಯಾವ ಕಂಪನಿ, ಯಾವ ಇಸವಿ...’
‘ಇಪ್ಪತ್ತಾರು ವರ್ಷ ತಿರುಗಿಸಿದ್ದೀನಿ’ ಅಂದರು,
‘ಯಾರದು ಅಂತ ನನ್ನನ್ನೇ ಕೇಳ್ತೀಯಲ್ಲಪ್ಪಾ.’
ಚಹಾ ಕೊಟ್ಟರು. ಬೆರಳ ತುದಿಗಳಲ್ಲಿ ಗೆರೆ ಇರಲಿಲ್ಲ.

ಆಮೇಲಿನದು ಬರೀ ಕೆಲಸ:
ಹುಣಸೆ, ಸೀಮೆಎಣ್ಣೆ, ಒಳಗೆ ಹಬೆ ತಿಂದ ತುಕ್ಕು.
ಸೀಟಿನ ಕಂಬ ಅಲ್ಲಾಡಲಿಲ್ಲ, ಡೀಸೆಲ್ ಕುಡಿದು
ಒಂಬತ್ತನೆಯ ರಾತ್ರಿ ಕಿರ್ ಅಂತ ಒಪ್ಪಿಕೊಂಡಿತು.
ಟ್ರ್ಯಾಕ್ಟರ್ ಟ್ರೈಲರಿಗೆ ಹಂಸ ಬರೆಯುವ ಕದಿರಪ್ಪ
ನೇರಳೆ ಕಲಸುತ್ತ ಕೇಳಿದ: ‘ಹೆಸರೇನು ಬರೀಲಿ?’
‘ಖಾಲಿ ಬಿಡು.’
‘ತೂತು ಮುಚ್ಚಿಸಲ್ವಾ?’
ಬೆಸುಗೆ ಬಿದ್ದರೆ ತೆಳು ಗೋಡೆ ಸುಟ್ಟೀತು ಅಂದೆ.
ಅರ್ಧ ನಿಜ.

ನಂದಿಬೆಟ್ಟ ಹತ್ತುವ ಮುಂಚೆ ಒಮ್ಮೆ
ಅವರ ಜಗಲಿಗೆ ಒರಗಿಸಿದೆ.
ಬಣ್ಣ ನೋಡಲಿಲ್ಲ ಅವರು. ಹಿಂದಿನ ಚಕ್ರ ಎತ್ತಿ ಹಿಡಿ ಅಂದರು,
ಬಗ್ಗಿ ಬಲಗೈಯಿಂದ ಪೆಡಲು ಹಿಡಿದು
ಒಂದು ಸುತ್ತು, ಇನ್ನೊಂದು, ಆಮೇಲೆ ಎಣಿಕೆ ಇಲ್ಲದೆ.
ಕಡ್ಡಿಗಳು ಕರಗಿ ಬೆಳಕಾದವು.

ಎಡಗೈ ಮಾತ್ರ ಗಾಳಿಯಲ್ಲಿ,
ಎರಡು ಬೆರಳು ಕೂಡಿಸಿಕೊಂಡು,
ಎಲ್ಲೋ ಕಡಿದ ಎಳೆಯ ತುದಿ ಹುಡುಕುತ್ತಿತ್ತು.