ನೂರೈವತ್ತು ಗ್ರಾಂ

ಬಂದರಿನಲ್ಲಿ ಮೈಯದ್ದಿ ಬ್ಯಾರಿಯ ಅಂಗಡಿ.
ಗಾಜಿನ ಕೆಳಗೆ ಮಲಗಿದ್ದವು ಸೀಸದ ಮೀನುಗಳು
ನನ್ನಂಗಡಿಯ ನೆಕ್ಲೇಸುಗಳ ಹಾಗೆಯೇ,
ಮಖಮಲ್ಲಿನ ಮೇಲಲ್ಲ, ಹಳೇ ಪೇಪರಿನ ಮೇಲೆ.
ಜಿಗ್ ಅಂತಾರೆ ಅದಕ್ಕೆ.

"ಶೇಟ್ರೆ, ನೀವು ಗಾಳಕ್ಕಾ?"
ಬಂದ ನಗುವನ್ನು ಎಲೆಯಡಿಕೆಯ ಹಿಂದೆ ಅಡಗಿಸಿದ.
ಮೂವತ್ತೊಂದು ವರ್ಷ ಕಾರ್‌ಸ್ಟ್ರೀಟಿನಲ್ಲಿ ಕೂತು
ಗುಲಗಂಜಿಯಷ್ಟು ಚಿನ್ನಕ್ಕೆ ಉಸಿರು ಹಿಡಿದವನು ನಾನು.
ಬಲಗೈ ನಡುಗಲು ಶುರುವಾದ ಮೇಲೆ
ಮೂಗುಬೊಟ್ಟಿನಲ್ಲಿ ಹರಳು ಕೂರುವುದಿಲ್ಲ.
"ಬೇರೆ ಹವ್ಯಾಸ ಏನಾದರೂ ನೋಡಿ" ಅಂದರು ಡಾಕ್ಟರು.
ಅವರ ಮನಸ್ಸಿನಲ್ಲಿದ್ದದ್ದು ವಾಕಿಂಗ್ ಇರಬೇಕು.

ಆರಿಸಿದೆ. ಆರಿಸುವುದು ನನಗೆ ಹೊಸತಲ್ಲ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬೆನ್ನಿನ ಗೆರೆ ನೋಡಿದೆ,
ಹೊಟ್ಟೆಯ ಪಾಲಿಶು, ಕಣ್ಣಿನ ಮಣಿ,
ಕೊಕ್ಕೆ ಬಿಗಿದ ನೂಲಿನ ಗಂಟು.
ಕೊನೆಗೊಂದು, ಅರವತ್ತು ಗ್ರಾಮಿನದು, ಸಪೂರ,
ಹೊಂಬಣ್ಣ, ಮದುಮಗಳ ಜಡೆಗೂ ಆದೀತು.
"ಇದು ಚಂದ ಉಂಟು" ಅಂದ ಮೈಯದ್ದಿ.
ಒಳ್ಳೆಯದುಂಟು ಅನ್ನಲಿಲ್ಲ.
ವ್ಯಾಪಾರಿ ವ್ಯಾಪಾರಿಗೆ ಹೇಳುವ ಮಾತದು,
ನಾನೇ ಎಷ್ಟು ಸಲ ಹೇಳಿದ್ದೇನೆ,
ಆ ದಿನ ಕೇಳಿಸಲಿಲ್ಲ.

ಅಳಿವೆ ದಾಟಿ ಎರಡು ಗಂಟೆ.
ದೂಮಪ್ಪ ಕರ್ಕೇರ ಇಂಜಿನ್ ನಿಲ್ಲಿಸಿ
"ಇಪ್ಪತ್ತೆರಡು ಮಾರು, ಕೆಳಗೆ ಕಲ್ಲುಂಟು, ಬಿಡಿ."
ಬಿಟ್ಟೆ. ನೂಲು ಹೋಯಿತು. ಹೋಗುತ್ತಲೇ ಇತ್ತು,
ಕೆಳಕ್ಕಲ್ಲ, ಓರೆಯಾಗಿ, ಕಾಸರಗೋಡಿನ ಕಡೆಗೆ.
ತಳ ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ.
ಅರವತ್ತು ಗ್ರಾಮಿನ ಚೆಲುವೆಯನ್ನು
ಸೆಳವು ಕೈಹಿಡಿದು ಕರಕೊಂಡು ಹೋಗಿತ್ತು.

ದೂಮಪ್ಪ ಒಂದು ಬಿಸ್ಕತ್ತಿನ ಡಬ್ಬಿ ತೆಗೆದ.
ಅದರೊಳಗಿಂದ ಬಂದದ್ದು ಗಿಡ್ಡ, ಅಗಲ, ಹಲಸಿನೆಲೆಯ ಆಕಾರ,
ಬಣ್ಣ ಎದ್ದು ಸೀಸ ಕಾಣುತ್ತಿದೆ, ಪಕ್ಕೆಯಲ್ಲಿ ಹಲ್ಲಿನ ಗೀರು,
ಕತ್ತಲಲ್ಲಿ ಹೊಳೆಯುವ ಪಟ್ಟೆಗಳಲ್ಲಿ ಎರಡೇ ಬಾಕಿ.
ನನ್ನಂಗಡಿಗೆ ಬಂದಿದ್ದರೆ
ಕರಗಿಸಿ ಬೇರೆ ಮಾಡಿಸಿ ಅನ್ನುತ್ತಿದ್ದೆ.
"ನೂರೈವತ್ತು ಗ್ರಾಂ. ಹೊಸಬರಿಗೆ ಮೊದಲು ತಳ ಗೊತ್ತಾಗ್ಬೇಕು ಶೇಟ್ರೆ.
ಬಣ್ಣಗಿಣ್ಣ ಆಮೇಲೆ."

ಟುಕ್.

ಇಪ್ಪತ್ತೆರಡು ಮಾರು ಕೆಳಗಿನ ಕಲ್ಲು
ಮೇಲೆ ಬಂದು ಹೆಬ್ಬೆರಳನ್ನು ಮುಟ್ಟಿತು,
ಒರೆಗಲ್ಲಿಗೆ ಚಿನ್ನ ತಾಗಿದ ಹಾಗೆ, ಅಷ್ಟೇ ಸಣ್ಣಗೆ.

"ಈಗ ರೀಲು ಕಾಲು ಸುತ್ತು. ನಿಲ್ಸಿ. ಬೀಳ್ಲಿಕ್ಕೆ ಬಿಡಿ.
ಮೀನು ಕಚ್ಚುವುದು ಎಳೆಯುವಾಗ ಅಲ್ಲ, ಅದು ಬೀಳುವಾಗ."
ಬೀಳುವಾಗ ನನಗೆ ಕೆಲಸವಿಲ್ಲ.
ಅದೇ ಕಷ್ಟ. ಸುಮ್ಮನಿದ್ದು ಅಭ್ಯಾಸವಿಲ್ಲದ ಕೈ
ನಡುಗಿತು. ಕೋಲಿನ ತುದಿ ನಡುಗಿತು.
ಎಲ್ಲೋ ಕತ್ತಲಲ್ಲಿ ಸೀಸದ ಎಲೆ
ಮಗ್ಗುಲು ಬದಲಿಸಿರಬೇಕು.
"ಅದೆಂತ ಮಾಡಿದ್ರಿ? ಇನ್ನೊಮ್ಮೆ ಮಾಡಿ ನೋಡುವ."
ಇನ್ನೊಮ್ಮೆ ಮಾಡುವುದೆಂತ ಮಾರಾಯ,
ನಿಲ್ಲಿಸಲು ಬರುತ್ತಿದ್ದರೆ ನಾನಿಲ್ಲಿ ಇರುತ್ತಿದ್ದೆನೇ.

ಸಿಕ್ಕಿದ್ದು ಒಂದೇ ಮುರು, ಮೊಣಕೈ ಉದ್ದ,
ಕೋಪದಲ್ಲಿ ಬಾಯಿ ತೆರೆದುಕೊಂಡೇ ಬಂತು.
ಆಮೇಲೆ ನಾಲ್ಕು ಗಂಟೆ ಬರಿ ಬಿಸಿಲು,
ಎರಡು ಸಲ ವಾಂತಿ. ಮನೆಯಲ್ಲಿ ಹೇಳಿಲ್ಲ.

ರಾತ್ರಿ ಅಂಗಡಿಯ ಶಟರು ಅರ್ಧ ಎಳೆದು
ದೂಮಪ್ಪ ಕೊಟ್ಟದ್ದನ್ನು ತಕ್ಕಡಿಯಲ್ಲಿಟ್ಟೆ.
ಗಾಜಿನ ಬಾಗಿಲು ಮುಚ್ಚಿ ಅಂಕಿ ನಿಲ್ಲುವವರೆಗೆ ಕಾದೆ:
ನೂರ ನಲವತ್ತೆಂಟು ಪಾಯಿಂಟ್ ಆರು ಎರಡು.
ಎಷ್ಟು ವರ್ಷ ಕಲ್ಲಿಗೆ ಬಡಿದು, ಎಷ್ಟು ಬಾಯಿಗಳಿಂದ ಬಿಡಿಸಿಕೊಂಡು
ಕಡಲು ಹಿಡಿದ ವೇಸ್ಟೇಜು
ನೂರಕ್ಕೆ ಒಂದೂ ಇಲ್ಲ.

ನಾನು ಹನ್ನೆರಡು ಹಿಡಿಯುತ್ತೇನೆ.