ಒಳಗೆ ಬಿಟ್ಟ ಎರಡು ಇಂಚು

ಹಡರ್ಸ್‌ಫೀಲ್ಡ್. ಮಾರ್ಚ್ ತಿಂಗಳ ಮಂಗಳವಾರ.
ಲೈಬ್ರರಿಯ ಮೇಲ್ಮಹಡಿಯಲ್ಲಿ
ಸಣ್ಣ ವ್ಯಾಪಾರದವರಿಗೆ ಪುಕ್ಕಟೆ ಸಲಹೆ, ಜೊತೆಗೆ ಬಿಸ್ಕತ್ತು.
ಸರದಿಯಲ್ಲಿ ನನ್ನ ಮುಂದೆ ನಾಯಿಗಳಿಗೆ ಕ್ಷೌರ ಮಾಡುವವನು,
ಹಿಂದೆ ಮೇಣದಬತ್ತಿಯ ಹುಡುಗಿ.

ಮಿಸ್ ಆಕ್ರಾಯ್ಡ್ ಕನ್ನಡಕ ಒರೆಸುತ್ತ ಕೇಳಿದಳು:
‘ಏನಾಗಬೇಕು ನಿಮಗೆ?’
‘ಅಂಗಡಿ ಬೆಳೀಬೇಕು.’
‘ಎಷ್ಟು?’

ಎಷ್ಟು ಅಂದರೆ?
ಬೆಳೆಯೋದು ಅಂದರೆ ಬೆಳೆಯೋದು.
ಅಂಗಿ ಹೊಲಿಸಲು ಬಂದವನು
‘ಚೆಂದ ಹೊಲಿಯವ್ವ’ ಎಂದಷ್ಟೇ ಹೇಳಿ
ಟೇಪಿಗೆ ಎದೆ ಕೊಡದೆ ಎದ್ದು ಹೋದ ಹಾಗೆ
ಕೂತಿದ್ದೆ ನಾನು,
ಮೂವತ್ತು ವರ್ಷ ಅದೇ ಟೇಪು ಕೊರಳಿಗೆ ಹಾಕಿಕೊಂಡವಳು.

ಮಾನ ಉಳಿಸಿಕೊಳ್ಳಲು ಅವ್ವನ ಮಾತು ಎತ್ತಿದೆ,
ಒಡಕು ಇಂಗ್ಲಿಷಿನಲ್ಲಿ:
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ನಮ್ಮ ಕಡೆ.
ಅವಳು ನಗಲಿಲ್ಲ. ಬರೆದುಕೊಂಡಳು. ಆಮೇಲೆ,
‘ಹಾಸಿಗೆ ಎಷ್ಟುದ್ದ ಇದೆ, ಅಳೆದಿದ್ದೀರಾ?’

ರೈಲಿನ ಕಮಾನುಗಳ ಕೆಳಗೆ ನಡೆದು ಬಂದೆ.
ದಾವಣಗೆರೆಯ ಮಿಲ್ಲಿನ ಗೇಟಿನೆದುರು
ಅಪ್ಪನ ಅಂಗಡಿಯಿತ್ತು, ಒಂದೇ ಮಷೀನು.
ಅವನ ಲೆಕ್ಕವೆಲ್ಲ ಕಿವಿ ಮೇಲಿನ ಪೆನ್ಸಿಲ್ಲಿನೊಳಗೇ ಉಳಿಯಿತು,
ಕಾಗದಕ್ಕೆ ಇಳಿಯಲೇ ಇಲ್ಲ.
ಮಿಲ್ಲು ಮುಚ್ಚಿದ ವರ್ಷ ಅವನು ಎಲ್ಲರನ್ನೂ ಕೇಳುತ್ತಿದ್ದ,
‘ದುಡ್ಡು ಎತ್ತ ಹೋತು?’

ಆ ರಾತ್ರಿಯೇ ಹಿಂಬಾಗಿಲಿನ ಮೇಲೆ
ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೀಟು ಎಳೆದೆ.
ಪ್ಯಾಂಟಿನ ಕಾಲು ಇಪ್ಪತ್ತಮೂರು, ಜಿಪ್ಪು ಏಳು,
ಹನ್ನೊಂದು ಗಂಟೆ ತಿಂದ ಮದುವೆ ಗೌನು ಒಂದು,
ಪರದೆ ಮೂರು ಜೊತೆ.

ಪರದೆ ನನಗೆ ಪ್ರಾಣ.
ರೇಡಿಯೋ ಹಚ್ಚಿಕೊಂಡು, ಪೆಡಲ್ ಒತ್ತಿ,
ತಿರುವಿಲ್ಲದ ರಸ್ತೆಯಲ್ಲಿ ಗಾಡಿ ಬಿಟ್ಟ ಹಾಗೆ ಓಡುವ ಹೊಲಿಗೆ.
ಆರು ವಾರದ ಗೀಟುಗಳನ್ನು ಕೂಡಿಸಿ ಭಾಗಿಸಿದರೆ
ಗಂಟೆಗೆ ಮೂರು ಪೌಂಡು.
ಮತ್ತೆ ಭಾಗಿಸಿದೆ.
ಮೂರೇ.

ಬಾಗಿಲಿನ ಮೇಲೆ ದೊಡ್ಡದಾಗಿ ಬರೆದೆ:
ಅಕ್ಟೋಬರ್ ಮೂವತ್ತೊಂದರೊಳಗೆ
ವಾರಕ್ಕೆ ಹನ್ನೆರಡು ಶಾಲೆ ಬ್ಲೇಜರು.
ಎರಡನೇ ಮಷೀನಿಗೆ ಡಬ್ಬಿಯಲ್ಲಿ ಒಂಬೈನೂರು.
ಪರದೆ ಇಲ್ಲ.

ಮರುದಿನವೇ ಮಿಸೆಸ್ ಸೈಕ್ಸ್ ಬಂದಳು,
ಕೈತುಂಬ ಹಸಿರು ಮಖಮಲ್ಲು.
ಆಗೋದಿಲ್ಲ ಎಂದೆ, ಅವಳ ಮುಖ ನೋಡಲಾರದೆ
ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸುತ್ತ.
ಬಾಗಿಲ ಗಂಟೆ ಅವಳ ಹಿಂದೆ ಬಹಳ ಹೊತ್ತು ಅಲ್ಲಾಡಿತು.

ಶಾಲೆಗಳಿಗೆ ಚೀಟಿ ಹಂಚಿದೆ. ಮಳೆಯಲ್ಲಿ ಹಂಚಿದೆ.
ಆಗಸ್ಟಿನಲ್ಲಿ ನಾಲ್ಕು, ಸೆಪ್ಟೆಂಬರಿನಲ್ಲಿ ಎಂಟು,
ಅಕ್ಟೋಬರ್ ಕೊನೆಗೆ ಒಂಬತ್ತಕ್ಕೆ ನಿಂತಿತು.
ಡಬ್ಬಿಯಲ್ಲಿ ಆರುನೂರ ನಲವತ್ತು.
ಸೀಮೆಸುಣ್ಣ ಒರೆಸಲು ಬಟ್ಟೆ ಒದ್ದೆ ಮಾಡುತ್ತಿದ್ದೆ.

ಆಗಲೇ ಬಂದಳು ಒಬ್ಬ ತಾಯಿ, ಜೊತೆಗೆ ಬೆರಳೂ ಕಾಣದ
ಉದ್ದ ತೋಳಿನ ಬ್ಲೇಜರಿನಲ್ಲಿ ಹುಡುಗ.
‘ಮೈಗೆ ಸರಿಯಾಗಿ ಕತ್ತರಿಸಿಬಿಡಿ.’
‘ಬೆಳೆಯೋ ಹುಡುಗ,
ಕತ್ತರಿಸೋದು ಬೇಡ,’ ಎಂದಿತು ಬಾಯಿ ತಾನೇ.
‘ಎರಡು ಇಂಚು ಒಳಗೆ ಮಡಚಿ ಹೊಲೀತೀನಿ.
ಬೇಕಾದಾಗ ಬಿಚ್ಚೋಣ.’
ಹುಡುಗ ಮೊಳಕೈ ಮಡಚಿ, ಚಾಚಿ
ಈಗಲೇ ಬೆಳೆದುಬಿಡುವವನಂತೆ ಮಣಿಕಟ್ಟು ನೋಡಿಕೊಂಡ.

ಅವರು ಹೋದ ಮೇಲೆ ಒದ್ದೆ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದೆ.
ಹನ್ನೆರಡು ಹಾಗೇ ಇರಲಿ.
ತಾರೀಖಿನ ಹೊಲಿಗೆ ಮಾತ್ರ ಬಿಚ್ಚಿದೆ.
ಜನವರಿ, ಎಂದು ಬರೆದೆ.
ಕೆಳಗೆ, ಸಣ್ಣದಾಗಿ: ವರ್ಷಕ್ಕೊಂದು ಜೊತೆ ಪರದೆ,
ನನಗಾಗಿ, ನಷ್ಟದಲ್ಲಿ.

ಮುಂದಿನ ಮಂಗಳವಾರ ಅದೇ ಮೇಜು, ಅದೇ ಬಿಸ್ಕತ್ತು.
‘ತಪ್ಪಿತು ಮಿಸ್ ಆಕ್ರಾಯ್ಡ್.’
ಅವಳು ಪೆನ್ನಿನ ಮುಚ್ಚಳ ತೆಗೆದಳು.
‘ಎಷ್ಟು?’
‘ಮೂರು,’ ಅಂದೆ,
ಅವಳ ಮಾತು ಮುಗಿಯುವ ಮುಂಚೆಯೇ.