ಪೊಟ್ಟಣದೊಳಗಿನ ಚೀಟಿ

ಮಳವಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ
ಕೆಂಪಾಜಮ್ಮನ ಬೀಜದಂಗಡಿ.
ಹೀರೇಬೀಜ ಕೊಂಡರೆ, ಪೊಟ್ಟಣದೊಳಗೆ
ಬೀಜದ ಜೊತೆ ಒಂದು ಚೀಟಿ:
‘ನಾಲೆಗೆ ನೀರು ತಡ. ಆತುರ ಬ್ಯಾಡಿ.’
‘ಹೋದ್ಸಲದ್ದು ಮಿಕ್ಕಿದ್ರೆ ಅದನ್ನೇ ಹಾಕಿ,
ಹೊಸದು ಯಾಕೆ?’

ಬರೆಯುವವನು ನಾನು.
ಅವಳು ಹೇಳುತ್ತಾಳೆ, ತೂಕದ ಬಟ್ಟು ಒರೆಸುತ್ತ.
‘ಹಿಂಗೆ ಬರೆದ್ರೆ ಕೊಳ್ಳೋರ್ಯಾರಕ್ಕಾ?’
‘ಬರೀಲಾ ನೀನು.’

ಒಂದು ವರ್ಷ ಅವರೆ ಮೊಳೆಯಲಿಲ್ಲ.
ಬೆರಳು ಜೋಮು ಹಿಡಿಯುವವರೆಗೆ ಬರೆದೆ,
ಇನ್ನೂರ ಹದಿನೇಳು ಚೀಟಿ:
‘ಬೀಜ ಮುಗ್ಗಲು. ತಪ್ಪು ನಂದು. ಬಂದು ದುಡ್ಡು ಇಸ್ಕಳಿ.’
ಹಳ್ಳಿ ಬಸ್ಸಿನ ಕಂಡಕ್ಟರುಗಳ ಕೈಲಿ ಹಂಚಿಸಿದೆವು.
ಬಂದವರು ಬಹಳ.
ಇಸಕೊಂಡವರು ಹನ್ನೊಂದು.

ಈಗ ಎದುರಿಗೇ ಗಾಜಿನ ಬಾಗಿಲ ಅಂಗಡಿ,
ಕಿಲೋಗೆ ಹತ್ತು ಕಮ್ಮಿ, ಮೇಲೊಂದು ಬಕೆಟ್ಟು.
ಚನ್ನಂಕೇಗೌಡ ಬಕೆಟ್ಟು ಹಿಡಿದೇ ರಸ್ತೆ ದಾಟಿ ಬಂದ,
ತಲೆ ಕೆರೆದ.
‘ಬೀಜ ಅಲ್ಲಿ ತಕ್ಕಂಡೆ ಕಣವ್ವ.
ಚೀಟಿ ಮಾತ್ರ ಇಲ್ಲೀದು ಒಂದು ಕೊಡು.’

ಅವಳು ಅವನ ಪೊಟ್ಟಣ ಬಿಚ್ಚಿದಳು,
ಒಂದು ಕಾಳು ಕಚ್ಚಿದಳು, ಮೂಸಿದಳು.
‘ಚೆನ್ನಾಗವೆ.’
ಆಮೇಲೆ ನನ್ನ ಕಡೆ ತಿರುಗಿ:
‘ಬರೀಲಾ. ಒಂದ್ರಾತ್ರಿ ನೆನೆಹಾಕಿ…’